ಮೇಜಿನ ಕೆಳಗಿನ ಶರಬತ್ತು!

ಮುಲ್ಕಿ: ಇಲ್ಲಿನ ಬಸ್ ನಿಲ್ದಾಣದ ಹತ್ತಿರ ಒಂದು ಗೂಡಂಗಡಿ. ಹೆಸರು ಹಾಕುವುದು ಬೇಡವೆಂದು ಮಾಲಕರೇ ಕೈ ಮುಗಿದಿರುವುದರಿಂದ ಹೆಸರು ಬೇಡ. ಬೀಡಿ, ಬಾಳೆಹಣ್ಣು, ಬಿಸ್ಕಿಟ್, ಮೊಬೈಲ್ ರೀಚಾರ್ಜು. ಎದುರಿಗೆ ತಂಪುಪಾನೀಯದ ಕಂಪೆನಿಯವರು ಕೊಟ್ಟ ಗಾಜಿನ ಫ್ರಿಜ್ಜು, ಅದರ ತುಂಬ ಬಣ್ಣಬಣ್ಣದ ಬಾಟಲಿ. ಕಿನ್ನಿಗೋಳಿ ಬಸ್ಸಿಗೆ ಕಾಯುವವರು ಬಾಯಾರಿದರೆ ಅದನ್ನೇ ಕುಡಿದು ಹೋಗುತ್ತಾರೆ.

ಆದರೆ ಈ ಅಂಗಡಿಯ ಒಳ್ಳೆಯ ಮಾಲು ಇರುವುದು ಮೇಜಿನ ಕೆಳಗೆ!

ಪೊಲೀಸರು ಓಡಿ ಬರುವಂಥದ್ದೇನೂ ಅಲ್ಲ, ಗಾಬರಿ ಬೇಡ. ಮನೆಯಾಕೆ ಮಾಡಿದ ಪುನರ್ಪುಳಿ ಶರಬತ್ತು. ಹಣ್ಣಿನ ಸಿಪ್ಪೆಗೆ ಸಕ್ಕರೆ ಬೆರೆಸಿ, ಭರಣಿಯಲ್ಲಿ ಬಿಸಿಲಿಗಿಟ್ಟು ಇಳಿಸಿದ ರಸ. ಪರಿಚಯದವರು ಕೇಳಿದರೆ ಮಾತ್ರ ಬಗ್ಗಿ ತೆಗೆಯುತ್ತಾರೆ. ಮೊನ್ನೆ ಒಂದು ಗ್ಲಾಸು ಈ ವರದಿಗಾರನಿಗೂ ದಕ್ಕಿತು. ಎಕ್ಸ್‌ಪ್ರೆಸ್ ಬಸ್ಸು ಹೋದರೆ ಹೋಗಲಿ ಎನ್ನಿಸುವ ರುಚಿ.

"ಎದುರಿಗೇ ಇಡಬಹುದಲ್ಲ ಅಣ್ಣ?"

"ಎಂಥ ಇಡುದು ಮಾರಾಯ್ರೆ! ಇದು ಎಲ್ಲರ ಮನೆಯಲ್ಲೂ ಉಂಟು. ದುಡ್ಡು ಕೊಟ್ಟು ಯಾರು ಕುಡೀತಾರೆ? ಇಪ್ಪತ್ತು ರೂಪಾಯಿ ಅಂತ ಬೋರ್ಡು ಹಾಕಿದ್ರೆ ನಾಲ್ಕು ಜನ ನಗ್ತಾರೆ ಅಷ್ಟೆ."

ಅವರ ಅಳುಕಿಗೆ ಕಾರಣಗಳೂ ಇವೆಯೆನ್ನಿ. ಬಾಟಲಿ ವ್ಯಾಪಾರ ಇಳಿದರೆ ಕಂಪೆನಿಯವರು ಫ್ರಿಜ್ಜು ಎತ್ತಿಕೊಂಡು ಹೋದಾರು ಎಂಬ ಭಯ. ಅಂಗಡಿ ಬಾಡಿಗೆ ಉಂಟು, ಮನೆಯಾಕೆಯ ಹೆಸರಲ್ಲಿ ಸಂಘದ ಸಾಲ, ವಾರ ವಾರ ಕಂತು. ಮಳೆ ಹಿಡಿದ ಮೇಲೆ ಶರಬತ್ತು ಕೇಳುವವರೂ ಇಲ್ಲ. "ಧೈರ್ಯ ಮಾಡಿ, ಧೈರ್ಯ ಮಾಡಿ" ಎಂದು ಬೆನ್ನು ತಟ್ಟಿ ಬಸ್ಸು ಹತ್ತುವವರು ಕಂತು ಕಟ್ಟುವುದಿಲ್ಲವಷ್ಟೆ!

ಈ ಮಾತಿಗೆ ಇದೇ ಮುಲ್ಕಿ ಕಡೆಯ ಒಬ್ಬರ ಕಥೆ ನೆನಪಾಗುತ್ತದೆ. ಹಣ್ಣಿನ ವ್ಯಾಪಾರಿಯ ಮಗ ರಘುನಂದನ ಕಾಮತ್. ತಂದೆಯ ಜೊತೆಗಿದ್ದು, ಯಾವ ಹಣ್ಣು ಕಳಿತಿದೆ, ಯಾವುದು ಇನ್ನೂ ಕಾಯಿ ಎಂದು ಗುರುತಿಸಲು ಕಲಿತವರು. ಹೆಚ್ಚು ಓದಲಿಲ್ಲ. (ಪಿಯುಸಿ ಅರ್ಧಕ್ಕೇ ಬಿಟ್ಟ ಈ ವರದಿಗಾರನಿಗೆ ಇಂಥ ಕಥೆಗಳೆಂದರೆ ಸ್ವಲ್ಪ ಪ್ರೀತಿ ಜಾಸ್ತಿ.) ಚಿಕ್ಕ ವಯಸ್ಸಿನಲ್ಲೇ ಮುಂಬಯಿಗೆ ಹೋಗಿ ಅಣ್ಣನ ಹೋಟೆಲಿನಲ್ಲಿ ದುಡಿದರು. ನಿಜವಾದ ಹಣ್ಣು ಹಾಕಿ ಐಸ್‌ಕ್ರೀಂ ಮಾಡಬೇಕೆಂಬ ಯೋಚನೆ ಬಂತು. 1984ರ ಫೆಬ್ರವರಿ 14ರಂದು ಜುಹುವಿನಲ್ಲಿ ಪುಟ್ಟ ಅಂಗಡಿ ತೆರೆದರು.

ಆದರೆ ಅಲ್ಲಿ ಮುಖ್ಯವಾಗಿ ಮಾರಿದ್ದೇನು ಗೊತ್ತೇ? ಪಾವ್‌ಭಾಜಿ!

ಐಸ್‌ಕ್ರೀಂ ಒಂದನ್ನೇ ನಂಬಿ ಅಂಗಡಿ ನಡೆದೀತೆಂಬ ಭರವಸೆ ಅವರಿಗೂ ಇರಲಿಲ್ಲ. ಐಸ್‌ಕ್ರೀಂ ತಿನ್ನಲೆಂದೇ ಮನೆಯಿಂದ ಹೊರಡುವವರು ಆಗ ಎಷ್ಟು ಮಂದಿ? ಪಾವ್‌ಭಾಜಿಗಾದರೆ ಬರುತ್ತಾರೆ. ಖಾರ ತಿಂದವನ ಬಾಯಿ ಉರಿಯುತ್ತದೆ, ಉರಿಯುವ ಬಾಯಿ ತಣ್ಣಗಿನದನ್ನು ಕೇಳುತ್ತದೆ. ಆಗ ಸೀತಾಫಲದ ಐಸ್‌ಕ್ರೀಂ ಮುಂದಿಡುವುದು. ಹೀಗೆ ರುಚಿ ಹತ್ತಿದವರು ಐಸ್‌ಕ್ರೀಮಿಗಾಗಿಯೇ ಬರತೊಡಗಿದ ಮೇಲೆ, 1985ರ ಹೊತ್ತಿಗೆ, ಪಾವ್‌ಭಾಜಿ ಕಾವಲಿ ಇಳಿಯಿತು. ನಮ್ಮ ಬೊಂಡದ ಐಸ್‌ಕ್ರೀಂ ಮುಂಬಯಿಯವರ ಬಾಯಿಗೆ ಹತ್ತಿದ್ದೂ ಇದೇ 'ನ್ಯಾಚುರಲ್ಸ್' ಅಂಗಡಿಯಿಂದ. 2024ರ ಮೇ 17ರಂದು ಕಾಮತರು ತೀರಿಕೊಂಡಾಗ ಅಂಥ ಅಂಗಡಿಗಳು 150ಕ್ಕೂ ಹೆಚ್ಚಿದ್ದವು.

ಇದನ್ನು ಹೇಳಿದಾಗ ನಮ್ಮ ಗೂಡಂಗಡಿಯವರು ತುಸು ಹೊತ್ತು ಸುಮ್ಮನಿದ್ದರು. 150 ಅಂಗಡಿಯ ಲೆಕ್ಕ ಅವರ ತಲೆಗೆ ಹೋದಂತೆ ಕಾಣಲಿಲ್ಲ. ಪಾವ್‌ಭಾಜಿ ಮಾತ್ರ ಹೋಯಿತು. "ಅಂದ್ರೆ ಅವರಿಗೂ ಹೆದರಿಕೆ ಇತ್ತು ಅನ್ನಿ" ಎಂದು ಎರಡು ಸಲ ಹೇಳಿಕೊಂಡರು. ಆಮೇಲೆ ಫ್ರಿಜ್ಜಿನ ಕಡೆ ನೋಡಿ, "ಇದು ನನ್ನ ಪಾವ್‌ಭಾಜಿ!" ಎಂದು ನಕ್ಕರು.

ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದ ಟೀಚರೊಬ್ಬರು ಮಾತು ಕೇಳಿಸಿಕೊಂಡು ಬಾಯಿ ಹಾಕಿದರು. "ಬಾಟಲಿ ಯಾಕೆ ಬಿಡ್ಬೇಕು? ಅದು ಇರ್ಲಿ. ಶರಬತ್ತಿನ ದುಡ್ಡು ಮಾತ್ರ ಬೇರೆ ಡಬ್ಬಿಗೆ ಹಾಕಿ. ಹದಿನೈದು ದಿವಸ ನೋಡಿ. ಸಕ್ಕರೆ, ಐಸು, ಮನೆಯವರ ಕೆಲಸ, ಎಲ್ಲ ಬರ್ದಿಡಿ."

ಮನೆಯವರ ಕೆಲಸಕ್ಕೂ ಲೆಕ್ಕವೇ ಎಂದು ಮಾಲಕರಿಗೆ ಆಶ್ಚರ್ಯ. ಅಸಲು ಎಷ್ಟು ಬೀಳುತ್ತದೆಂದು ಅವರು ಅದುವರೆಗೆ ಲೆಕ್ಕ ಹಾಕಿಯೇ ಇರಲಿಲ್ಲ. ಹಣ್ಣು ಹಿತ್ತಿಲದ್ದು, ಕೆಲಸ ಮನೆಯಾಕೆಯದ್ದು, ಹಾಗಾಗಿ ಎರಡೂ ಪುಕ್ಕಟೆ! ಪುಕ್ಕಟೆ ಎಂದುಕೊಂಡದ್ದಕ್ಕೆ ಇಪ್ಪತ್ತು ರೂಪಾಯಿ ಕೇಳಲು ಯಾರಿಗೆ ತಾನೇ ನಾಲಿಗೆ ಹೊರಳೀತು?

ನಿನ್ನೆ ಸಂಜೆ ಬಸ್ಸಿಳಿದು ನೋಡಿದರೆ ಕೆಂಪು ರಸದ ಭರಣಿ ಮೇಜಿನ ಮೇಲೆ ಬಂದಿದೆ. ಬೋರ್ಡು ಇನ್ನೂ ಇಲ್ಲ. ಕಾಲೇಜು ಹುಡುಗರಿಬ್ಬರು ಕುಡಿದು, ಗೋಡೆಗೆ ಅಂಟಿಸಿದ ಕ್ಯೂಆರ್ ಚೀಟಿಯ ಕಡೆ ಮೊಬೈಲ್ ಹಿಡಿದರು. "ಅದು ಬೇಡ ಮಕ್ಕಳೇ, ಇದಕ್ಕೆ ಚಿಲ್ಲರೆ ಕೊಡಿ" ಎಂದು ಮಾಲಕರು ಅವಸರದಿಂದ ತಡೆದರು. ನಾನು ಇಪ್ಪತ್ತರ ನೋಟು ಚಾಚಿದಾಗ "ನಿಮ್ಮತ್ರ ತಗೊಳ್ಳುದಾ?" ಎಂದು ಹಿಂಜರಿದವರು, ಆಮೇಲೆ ತೆಗೆದುಕೊಂಡು ಹಳೆಯ ಹಾಲುಪುಡಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು.

ಹದಿನೈದು ದಿನಕ್ಕೆ ಇನ್ನೂ ಒಂಬತ್ತು ದಿನ ಬಾಕಿ ಇದೆ.