ಹಳ್ಳಿಗಾಡಿನ ರಸ್ತೆಗೆ ಮರಳಿದ ಗೋಡೋ

ಸ್ಯಾಮ್ಯುಯೆಲ್ ಬೆಕೆಟ್‌ನ ‘ವೇಟಿಂಗ್ ಫಾರ್ ಗೋಡೋ’ ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಕಾಲೇಜಿನ ಟಿಪ್ಪಣಿಗಳು: ಅಸಂಗತತೆ, ಅಸ್ತಿತ್ವವಾದ, ಯುದ್ಧೋತ್ತರ ಯುರೋಪಿನ ಹತಾಶೆ. ಈ ಭಾರದ ಪದಗಳ ಅಡಿಯಲ್ಲಿ ನಾಟಕವೇ ಹೂತುಹೋಗಿದೆ. ಅಲ್ಲಿರುವುದಾದರೂ ಏನು? ಹಳ್ಳಿಗಾಡಿನ ಒಂದು ರಸ್ತೆ, ಒಂದು ಮರ, ಬಾರದವನೊಬ್ಬನಿಗಾಗಿ ಕಾಯುತ್ತಿರುವ ಇಬ್ಬರು ಅಲೆಮಾರಿಗಳು.

ಆ ನಾಟಕವನ್ನು ಹಳ್ಳಿಗಾಡಿನ ರಸ್ತೆಗೇ ಕರೆದೊಯ್ದದ್ದು ಬೆಕೆಟ್ ಹುಟ್ಟಿದ ಡಬ್ಲಿನ್ನಿನ ಗೇಟ್ ಥಿಯೇಟರ್. 1988ರಲ್ಲಿ ವಾಲ್ಟರ್ ಆಸ್ಮಸ್ ನಿರ್ದೇಶನದಲ್ಲಿ ಮೊದಲು ರಂಗಕ್ಕೆ ಬಂದ ಪ್ರಯೋಗವನ್ನು ಅದು ಹಲವು ಬಾರಿ ಮತ್ತೆ ಕೈಗೆತ್ತಿಕೊಂಡು ದೇಶವಿದೇಶಗಳಲ್ಲಿ ಆಡಿತ್ತು. 2008ರಲ್ಲಿ ಅದೇ ಪ್ರಯೋಗ ಐರ್ಲೆಂಡ್ ದ್ವೀಪದ 32 ಕೌಂಟಿಗಳನ್ನೂ ಸುತ್ತಿತು. ಬ್ರಿಟನ್ನಿಗೆ ಸೇರಿದ ಉತ್ತರದ ಆರು ಕೌಂಟಿಗಳನ್ನೂ ಬಿಡಲಿಲ್ಲ. ಯಕ್ಷಗಾನ ಮೇಳಗಳ ತಿರುಗಾಟವನ್ನು ಬಲ್ಲ ನಮಗೆ ಇದು ವಿಶೇಷವೆನಿಸದಿರಬಹುದು. ಆದರೆ ‘ಕಠಿಣ’ ಎಂಬ ಹಣೆಪಟ್ಟಿ ಹೊತ್ತ ನಾಟಕವೊಂದು ಸಣ್ಣ ಊರುಗಳ ಸಭಾಂಗಣಗಳಿಗೆ ಹೋಗುವುದು ಸಣ್ಣ ಮಾತಲ್ಲ.

1975ರಲ್ಲಿ ಬರ್ಲಿನ್ನಿನಲ್ಲಿ ಬೆಕೆಟ್ ಸ್ವತಃ ಈ ನಾಟಕವನ್ನು ನಿರ್ದೇಶಿಸಿದಾಗ ಆಸ್ಮಸ್ ಅವನ ಸಹಾಯಕನಾಗಿದ್ದ. ಮೌನಕ್ಕೂ ಹೆಜ್ಜೆಗೂ ಲೆಕ್ಕವಿಡುವ ಶಿಸ್ತು ಅಲ್ಲಿಂದ ಬಂದದ್ದು. ಬ್ಯಾರಿ ಮೆಕ್‌ಗವರ್ನ್ ಮತ್ತು ಜಾನಿ ಮರ್ಫಿ ಆಡಿದ ಐರಿಶ್ ಧಾಟಿಯ ಮಾತು ಅದಕ್ಕೆ ಜೀವ ತುಂಬಿತು. ನಾಟಕ ಮೊದಲು ರಚಿತವಾದದ್ದು ಫ್ರೆಂಚಿನಲ್ಲಿ ಎಂಬುದು ಮರೆತುಹೋಗುವಷ್ಟು.

ಸಣ್ಣ ಊರಿನವರಿಗೆ ಇದು ಅರ್ಥವಾದೀತೇ ಎಂಬ ಪ್ರಶ್ನೆಯಲ್ಲಿ ನಗರವಾಸಿಯ ಅಹಂಕಾರವಿದೆ. 1956ರ ಜನವರಿಯಲ್ಲಿ, ಅಮೆರಿಕದ ಮಯಾಮಿಯಲ್ಲಿ ಈ ನಾಟಕವನ್ನು ನಗೆನಾಟಕವೆಂದು ಜಾಹೀರಾತು ಮಾಡಲಾಗಿತ್ತು. ರಜೆಯ ಮೋಜಿಗೆ ಬಂದಿದ್ದ ಉಳ್ಳವರಲ್ಲಿ ಬಹಳ ಮಂದಿ ಮಧ್ಯಂತರಕ್ಕೇ ಎದ್ದುಹೋದರು. ಮರುವರ್ಷ ನವೆಂಬರ್ 19ರಂದು ಸ್ಯಾನ್ ಫ್ರಾನ್ಸಿಸ್ಕೋದ ತಂಡವೊಂದು ಸ್ಯಾನ್ ಕ್ವೆಂಟಿನ್ ಸೆರೆಮನೆಯಲ್ಲಿ ಅದನ್ನು ಆಡಿತು. ಅದನ್ನೇ ಆರಿಸಿದ್ದಕ್ಕೆ ಒಂದು ಕಾರಣ ತೀರಾ ಲೌಕಿಕವಾದುದು: ಅದರಲ್ಲಿ ಸ್ತ್ರೀಪಾತ್ರಗಳಿರಲಿಲ್ಲ! ಸುಮಾರು 1,400 ಕೈದಿಗಳು ಕದಲದೆ ನೋಡಿದರು. ಕಾಯುವುದೆಂದರೇನೆಂದು ಅವರಿಗೆ ಯಾವ ಪ್ರಾಧ್ಯಾಪಕನೂ ಹೇಳಿಕೊಡಬೇಕಿರಲಿಲ್ಲ.

ಗೇಟ್ ತಂಡದ ತಿರುಗಾಟವನ್ನು ನಾನು ಈ ಸಾಲಿನಲ್ಲಿಟ್ಟೇ ನೋಡುತ್ತೇನೆ. ಅದೇ 2008ರಲ್ಲಿ ಐರ್ಲೆಂಡಿನ ಬ್ಯಾಂಕುಗಳು ಕುಸಿತದ ಅಂಚಿಗೆ ಬಂದವು, ಸರ್ಕಾರ ಅವುಗಳ ಸಾಲಕ್ಕೆ ಖಾತರಿ ನಿಂತಿತು, ಮುಂದಿನ ವರ್ಷಗಳಲ್ಲಿ ಯುವಜನ ಕೆಲಸ ಹುಡುಕಿ ಹಡಗು–ವಿಮಾನ ಹತ್ತಿದರು. ‘ನಾಳೆ ಖಂಡಿತ ಬರುತ್ತಾನೆ’ ಎಂಬ ಭರವಸೆಯನ್ನು ಅಂಥ ಕಾಲದಲ್ಲಿ ಕೇಳಿಸಿಕೊಳ್ಳುವ ಕಿವಿಯೇ ಬೇರೆ.

ಸ್ಯಾನ್ ಕ್ವೆಂಟಿನ್ನಿನಲ್ಲಿ ಆ ರಾತ್ರಿ ಜೀವಾವಧಿ ಕೈದಿ ರಿಕ್ ಕ್ಲೂಚಿಗೆ ನಾಟಕ ನೋಡಲು ಅನುಮತಿ ಸಿಗಲಿಲ್ಲ. ಅವನು ತನ್ನ ಕೋಣೆಯಲ್ಲಿ ಕುಳಿತು ಧ್ವನಿವರ್ಧಕದಲ್ಲಿ ಕೇಳಿದ. ನಂತರ ಸೆರೆಮನೆಯೊಳಗೇ ತಾನೂ ಬೆಕೆಟ್ ನಾಟಕಗಳನ್ನು ಆಡಿದ, 1966ರಲ್ಲಿ ಬಿಡುಗಡೆಯಾದ. 1977ರಲ್ಲಿ ಬರ್ಲಿನ್ನಿನಲ್ಲಿ ಅವನು ‘ಕ್ರ್ಯಾಪ್ಸ್ ಲಾಸ್ಟ್ ಟೇಪ್’ ಅಭಿನಯಿಸಿದಾಗ ನಿರ್ದೇಶಕನಾಗಿ ಎದುರು ಕುಳಿತಿದ್ದವನು ಸ್ವತಃ ಬೆಕೆಟ್.