ವಾರದ ಪೊಟ್ಟಣ ದಿನಾ ಕುಡಿದರೆ?

ಕೋಲಾರ: ಮಂಡಿ ನೋವು, ಸೊಂಟ ನೋವು ಎಂದು ಡಾಕ್ಟರ ಬಳಿ ಹೋದವರಿಗೆ ಈಗ ಎರಡು ವಸ್ತು ಗ್ಯಾರಂಟಿ. ಒಂದು ಕ್ಯಾಲ್ಸಿಯಂ ಮಾತ್ರೆ. ಇನ್ನೊಂದು, ಹಾಲಿಗೆ ಕಲಸಿ ಕುಡಿಯುವ ಪುಡಿಯ ಪುಟ್ಟ ಪೊಟ್ಟಣ. ಮಾತ್ರೆಯ ಮಾತು ಆಮೇಲಿರಲಿ, ಎಡವಟ್ಟು ಇರುವುದು ಪೊಟ್ಟಣದಲ್ಲಿ.

ಅದರಲ್ಲಿರುವುದು ವಿಟಮಿನ್ ಡಿ. ಅದೂ ಎಷ್ಟು? 60,000 ಯೂನಿಟ್! ದೊಡ್ಡವರಿಗೆ ದಿನಕ್ಕೆ 600 ಯೂನಿಟ್ ಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. ಅಂದರೆ ಒಂದು ಪೊಟ್ಟಣದೊಳಗೆ ನೂರು ದಿನದ ಪಡಿ. ಆದ್ದರಿಂದಲೇ ಕೊರತೆ ಇದ್ದವರಿಗೆ ಡಾಕ್ಟರು ವಾರಕ್ಕೆ ಒಂದೇ ಒಂದು, ಅದೂ ಸಾಮಾನ್ಯವಾಗಿ ಎಂಟು ವಾರ ಎಂದು ಲೆಕ್ಕ ಹಾಕಿ ಬರೆಯುತ್ತಾರೆ.

ಬರೆಯುವುದು ಇಂಗ್ಲಿಷಿನಲ್ಲಿ. ಕೈಬರಹವೋ ಬ್ರಹ್ಮಲಿಪಿ. ಪೊಟ್ಟಣದ ಮೇಲಿನ ಅಕ್ಷರ ಇರುವೆ ಸಾಲು. ಮೆಡಿಕಲ್ ಶಾಪಿನ ಹುಡುಗ ಹತ್ತು ಜನರ ಗಲಾಟೆಯಲ್ಲಿ "ಹಾಲಲ್ಲಿ ಹಾಕ್ಕೊಂಡು ಕುಡೀರಿ" ಎಂದು ಕವರಿಗೆ ತುಂಬಿ ಕೊಟ್ಟನೆಂದರೆ ಮುಗಿಯಿತು. ಬಿ.ಪಿ. ಮಾತ್ರೆ ದಿನಾ, ಶುಗರ್ ಮಾತ್ರೆ ದಿನಾ, ಇದೂ ದಿನಾ ಇರಬೇಕು ಎಂದುಕೊಳ್ಳುವ ಅಜ್ಜಿಯದು ತಪ್ಪೇ?

ಬಿ, ಸಿ ವಿಟಮಿನ್ನುಗಳು ಹೆಚ್ಚಾದರೆ ಬಹುಮಟ್ಟಿಗೆ ಮೂತ್ರದಲ್ಲಿ ಹೋಗುತ್ತವೆ. ಡಿ ಹಾಗಲ್ಲ, ಮೈಯ ಕೊಬ್ಬಿನಲ್ಲಿ ಕೂತುಬಿಡುತ್ತದೆ. ವಾರಗಟ್ಟಲೆ ದಿನಾ ಕುಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ವಾಕರಿಕೆ, ಮಲಬದ್ಧತೆ, ವಿಪರೀತ ದಾಹ, ಪದೇ ಪದೇ ಮೂತ್ರ, ಸುಸ್ತು, ಆಮೇಲೆ ಮಂಕು. ಮನೆಯವರು "ವಯಸ್ಸಾಯ್ತಲ್ಲ" ಅಂದುಕೊಂಡು ಸುಮ್ಮನಿರುತ್ತಾರೆ. ಅಷ್ಟು ಹೊತ್ತಿಗೆ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿರಬಹುದು! ಹೀಗೆ ಕುಡಿದವರು ಯಾರಾದರೂ ಇದ್ದರೆ ಪೊಟ್ಟಣ, ಕ್ಯಾಲ್ಸಿಯಂ ಮಾತ್ರೆ ಎರಡನ್ನೂ ಅಲ್ಲಿಗೇ ನಿಲ್ಲಿಸಿ, ಕೂಡಲೇ ಡಾಕ್ಟರಿಗೆ ತಿಳಿಸಿ ರಕ್ತದ ಕ್ಯಾಲ್ಸಿಯಂ, ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಬೇಕು.

ಬಿಸಿಲಿಗೆ ಬರವಿಲ್ಲದ ಸೀಮೆಯಲ್ಲಿ ಈ ಕೊರತೆ ಬಂದದ್ದಾದರೂ ಹೇಗೆ? ಬಿಸಿಲಿದೆ, ಜನ ನೆರಳಲ್ಲಿದ್ದಾರೆ. ರೇಷ್ಮೆ ನೂಲು ತೆಗೆಯುವವರು, ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು, ಅಂಗಡಿ ಗಲ್ಲಾದವರು ಹೊತ್ತು ಕಳೆಯುವುದು ಸೂರಿನ ಕೆಳಗೆ. ಕಿಟಕಿಯ ಗಾಜು ದಾಟಿ ಬಂದ ಬಿಸಿಲಿನಿಂದ ಡಿ ಹುಟ್ಟುವುದಿಲ್ಲ. ಜಗಲಿಯ ಮೇಲೆ ಎಳೆಬಿಸಿಲು ಕಾಯಿಸುವ ಹಿರಿಯರಿಗೂ ಹಿತ ಸಿಗುತ್ತದೆಯೇ ಹೊರತು ಡಿ ಅಷ್ಟಾಗಿ ಸಿಗದು. ಪಕ್ಕದ ತಿರುಪತಿಯಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರ ಬಿಸಿಲೇ ಅದಕ್ಕೆ ತಕ್ಕದ್ದು.

ಇನ್ನು ಕ್ಯಾಲ್ಸಿಯಂ. ದಿನಕ್ಕೆ ಬೇಕಾದದ್ದು 1000 ಮಿಲಿಗ್ರಾಂ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಇದೆ, ಅಕ್ಕಿಯಲ್ಲಿ ಹೇಳಿಕೊಳ್ಳುವಷ್ಟಿಲ್ಲ. ಎರಡು ಹೊತ್ತು ಮುದ್ದೆ, ಒಂದು ಲೋಟ ಹಾಲು ಇದ್ದ ಮನೆಯಲ್ಲಿ ಲೆಕ್ಕ ಹತ್ತಿರ ಹತ್ತಿರ ಸರಿಹೋಗುತ್ತದೆ. ಆದರೆ ಹಾಲಿನ ನಾಡೆಂದು ಹೆಸರಾದ ಜಿಲ್ಲೆಯ ಹಾಲು ಬೆಳಗಾದರೆ ಡೇರಿಗೆ, ಮನೆಗೆ ಉಳಿಯುವುದು ಟೀಗೆ ಆಗುವಷ್ಟು. ಮುದ್ದೆ ಇದ್ದ ತಟ್ಟೆಯಲ್ಲಿ ಈಗ ಅನ್ನ.

ಮಾತ್ರೆ ನುಂಗುವವರಿಗೂ ಒಂದು ಮಾತು: ಒಮ್ಮೆಗೆ 500 ಮಿಲಿಗ್ರಾಮಿಗಿಂತ ಹೆಚ್ಚು ಮೈಗೆ ಹತ್ತುವುದು ಕಷ್ಟ. ಊಟದ ಜೊತೆ ತಗೊಂಡರೆ ಒಳ್ಳೆಯದು. ಗರ್ಭಿಣಿಯರಿಗೆ 14ನೇ ವಾರದಿಂದ ಹೆರಿಗೆಯಾಗಿ ಆರು ತಿಂಗಳವರೆಗೆ ದಿನಕ್ಕೆರಡು ಮಾತ್ರೆ ಸರ್ಕಾರದ್ದೇ ಲೆಕ್ಕ. ಅದನ್ನು ಕಬ್ಬಿಣಾಂಶದ ಮಾತ್ರೆ ಜೊತೆ ನುಂಗಬಾರದು, ಒಂದರಿಂದ ಇನ್ನೊಂದು ಕೆಡುತ್ತದೆ. ಕಿಡ್ನಿಯಲ್ಲಿ ಕಲ್ಲಿದ್ದವರು ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಹಾಗಾದರೆ ಇದೆಲ್ಲ ವ್ಯರ್ಥವೇ? ಅಲ್ಲ. 1992ರಲ್ಲಿ ಫ್ರಾನ್ಸಿನ ವೃದ್ಧಾಶ್ರಮಗಳ 3,270 ಮುದುಕಿಯರ ಪೈಕಿ ದಿನಾ 800 ಯೂನಿಟ್ ಡಿ, ಜೊತೆಗೆ ಕ್ಯಾಲ್ಸಿಯಂ ಪಡೆದವರಲ್ಲಿ ಸೊಂಟದ ಮೂಳೆ ಮುರಿತ ಚೆನ್ನಾಗಿಯೇ ಇಳಿದಿತ್ತು. ಆದರೆ 2022ರಲ್ಲಿ ಅಮೆರಿಕದಿಂದ ಬಂದ ವರದಿಯಲ್ಲಿ 25,871 ಮಂದಿಯನ್ನು ನೋಡಿದರೂ, ಕೊರತೆ ಇದೆಯೆಂದು ಆರಿಸದೆ ಕೊಟ್ಟ ಡಿ ಮೂಳೆ ಮುರಿತ ತಪ್ಪಿಸಲಿಲ್ಲ. ಇಲ್ಲದವರಿಗೆ ಔಷಧ, ಇದ್ದವರಿಗೆ ದುಡ್ಡು ದಂಡ.

ಅಂಗಡಿಯವರು ಪೊಟ್ಟಣದ ಮೇಲೆ ಪೆನ್ನಿನಲ್ಲಿ "ಭಾನುವಾರ ಮಾತ್ರ" ಎಂದು ಕನ್ನಡದಲ್ಲಿ ಬರೆದು ಕೊಡಲು ಅರ್ಧ ನಿಮಿಷ ಸಾಕು. ಸಂಬಂಧಪಟ್ಟ ಇಲಾಖೆಯವರು ಅಷ್ಟಾದರೂ ಹೇಳಿ ಮಾಡಿಸುವರೇ?