ಕೋವಿಯ ನಳಿಗೆಯ ಹಠಮಾರಿ ಮಸಿ

ಸೇಡಂ, ಚಿತ್ತಾಪುರಗಳ ಬಿಸಿಲಿನಲ್ಲಿ ಬೆಳೆದ ನಮಗೆ ಕಬ್ಬಿಣದ ತುಕ್ಕು ಅಷ್ಟಾಗಿ ಬಾಧಿಸದು. ಕೊಡಗಿನ ಮಳೆಯಲ್ಲಾದರೋ, ಹಾರಿಸಿದ ಕೋವಿಯನ್ನು ತೊಳೆಯದೆ ಬಿಟ್ಟರೆ ನಳಿಗೆ ಕೆಡಲು ತಡವಾಗದು. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬದಂದು ಕೊಡವರು ಕೋವಿಗಳನ್ನು ಶುಚಿಗೊಳಿಸಿ, ತೋಕ್‌ಪೂವನ್ನು ಮುಡಿಸಿ ಪೂಜಿಸುವರು. ಅವರಿಗಿರುವ ಪರವಾನಗಿಯ ವಿನಾಯಿತಿಯನ್ನು ಕೇಂದ್ರ ಸರಕಾರವು 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಿತು.

ಹಳೆಯ ಕರಿಮದ್ದು ಪೆಟ್ಲುಪ್ಪು, ಗಂಧಕ, ಇದ್ದಿಲುಗಳ ಮಿಶ್ರಣ. ಅದು ಉರಿದು ಉಳಿಸುವ ಕಿಟ್ಟದಲ್ಲಿ ಲವಣಾಂಶವೇ ವಿಶೇಷ. ಆ ಲವಣವು ಗಾಳಿಯ ತೇವವನ್ನು ಹೀರಿ ಕಬ್ಬಿಣವನ್ನು ತಿನ್ನುವುದು. ಎಣ್ಣೆಯಲ್ಲಿ ಅದು ಕರಗದು. ಮದ್ದಿನ ಕಿಟ್ಟಕ್ಕೆ ಕುದಿನೀರೇ ಮದ್ದು! ತೊಳೆದು, ಚೆನ್ನಾಗಿ ಒಣಗಿಸಿ, ಆಮೇಲೆ ಎಣ್ಣೆ ಸವರಬೇಕು.

ಹೊಗೆಯಿಲ್ಲದ ಮದ್ದಿನ ರೈಫಲ್ಲಿನ ಮಸಿ ಬಹುತೇಕ ಇಂಗಾಲ, ನೀರಿಗೆ ಜಗ್ಗದು. ಮೊದಲು ಕೋವಿ ಬರಿದಾಗಿದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ನಿಶ್ಚಯಿಸಿಕೊಳ್ಳತಕ್ಕದ್ದು. ಬಳಿಕ ಮಸಿ ಬಿಡಿಸುವ ದ್ರವವನ್ನು ಸವರಿ, ಕೆಲಹೊತ್ತು ನೆನೆಯಬಿಟ್ಟು, ಕಂಚಿನ ತಂತಿಯ ಬ್ರಷ್ಷನ್ನು ಹಿಂಬದಿಯಿಂದ ತೂರಿಸಿ ಉಜ್ಜಬೇಕು. ಉಕ್ಕಿನ ತಂತಿ ಕೂಡದು. ಗುಂಡನ್ನು ತಿರುಗಿಸುವ ಸುರುಳಿಗೀರುಗಳು ಸವೆದರೆ ಗುರಿಯೇ ತಪ್ಪುವುದು. ತೂರಿಸಿದ ಬಿಳಿಯ ಅರಿವೆ ಬಿಳಿಯದಾಗಿಯೇ ಹೊರಬರುವವರೆಗೆ ಇದೇ ಕ್ರಮ. ಕೊನೆಗೆ ನಳಿಗೆಯೊಳಗೆ ಅರಿವೆಯ ತುಂಡು ಉಳಿದಿದೆಯೋ ಎಂದು, ಹಿಂಬದಿಯಿಂದ ಬೆಳಕಿನೆದುರು ಹಿಡಿದು ನೋಡತಕ್ಕದ್ದು. ಉಳಿದಿದ್ದರೆ ಮುಂದಿನ ಗುಂಡಿಗೆ ನಳಿಗೆಯೇ ಸಿಡಿಯಬಹುದು.